ಈಗಲೇ ಹೋಗಬೇಕಾ, ನಾಳೆ ಹೋದರೆ ಸಾಕಾ? ಆ್ಯಪ್, ಚಾಟ್‌ಬಾಟ್, 104: ಯಾವಾಗ ಯಾವುದನ್ನು ಕೇಳಬೇಕು

ರಾತ್ರಿ ಹನ್ನೊಂದಕ್ಕೆ ಹೊಟ್ಟೆನೋವು ಶುರುವಾದರೆ ಇವತ್ತು ಯಾರೂ ಮೊದಲು ಡಾಕ್ಟರಿಗೆ ಫೋನ್ ಮಾಡುವುದಿಲ್ಲ. ಗೂಗಲ್ ಮಾಡುತ್ತಾರೆ, ಇಲ್ಲ ಚಾಟ್‌ಜಿಪಿಟಿ ಕೇಳುತ್ತಾರೆ, ಇಲ್ಲ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿ ಅತ್ತೆ, ಚಿಕ್ಕಮ್ಮ, ಭಾವ ಎಲ್ಲರ ಸಲಹೆ ಒಟ್ಟಿಗೆ ಪಡೆಯುತ್ತಾರೆ. ತಮ್ಮಲ್ಲಿ ನಡೆಯುವ ಹುಡುಕಾಟಗಳಲ್ಲಿ ನೂರಕ್ಕೆ ಒಂದು ರೋಗಲಕ್ಷಣದ ಬಗ್ಗೆಯೇ ಇರುತ್ತದೆ ಅಂತ ಗೂಗಲ್ ಕಂಪನಿಯೇ 2016ರಲ್ಲಿ ಹೇಳಿತ್ತು. ಇದನ್ನು ಬೈಯುವವರು ತುಂಬಾ ಇದ್ದಾರೆ. ನಾನು ಬೈಯುವುದಿಲ್ಲ. ಆ ಹೊತ್ತಿಗೆ ಬೇರೆ ಯಾರು ಸಿಗುತ್ತಾರೆ ಹೇಳಿ?

ತೊಂದರೆ ಇರುವುದು ಕೇಳುವ ಪ್ರಶ್ನೆಯಲ್ಲಿ. ಎಲ್ಲರೂ ಕೇಳುವುದು 'ನನಗೆ ಯಾವ ಕಾಯಿಲೆ' ಅಂತ. ಕಾಯಿಲೆಯ ಹೆಸರು ಗೊತ್ತಾದರೂ ಆ ರಾತ್ರಿ ನೀವು ಮಾಡುವುದು ಏನೂ ಇರುವುದಿಲ್ಲ. ತಿಳಿಯಬೇಕಾದದ್ದು ಇಷ್ಟೇ: ಮನೆಯಲ್ಲೇ ಇದ್ದು ನೋಡಬಹುದಾ, ಬೆಳಿಗ್ಗೆ ಕ್ಲಿನಿಕ್‌ಗೆ ಹೋದರೆ ಸಾಕಾ, ಈಗಲೇ ಕ್ಯಾಶುವಾಲ್ಟಿಗೆ ಓಡಬೇಕಾ? ಹಾಗಾಗಿ ಇಲ್ಲಿ ನಾನು ಆ್ಯಪ್, ಚಾಟ್‌ಬಾಟ್, 104 ಆರೋಗ್ಯ ಸಹಾಯವಾಣಿ ಇವನ್ನೆಲ್ಲ ಹೋಲಿಸುತ್ತಿರುವುದು ಈ ಒಂದೇ ಅಳತೆಯಲ್ಲಿ. ಕಾಯಿಲೆಯ ಹೆಸರನ್ನು ಎಷ್ಟು ಚೆನ್ನಾಗಿ ಊಹಿಸುತ್ತದೆ ಅನ್ನುವುದಕ್ಕೆ ಕಡಿಮೆ ಅಂಕ. ಎಲ್ಲಿಗೆ, ಎಷ್ಟು ಹೊತ್ತಿನೊಳಗೆ ಹೋಗಬೇಕು ಅಂತ ಸರಿಯಾಗಿ ಹೇಳುತ್ತದಾ, ಅದು ಹೇಳಿದ ಜಾಗ ನಿಮ್ಮ ಊರಲ್ಲಿ ಇದೆಯಾ, ಇದಕ್ಕೆ ಜಾಸ್ತಿ ಅಂಕ.

ಯಾವುದನ್ನೂ ತೆರೆಯಬಾರದ ಹೊತ್ತು

ಎದೆಯ ಮೇಲೆ ಭಾರ ಇಟ್ಟ ಹಾಗೆ ನೋವು, ಅದು ಕೈಗೋ ದವಡೆಗೋ ಬೆನ್ನಿಗೋ ಹರಡುತ್ತಿದೆ, ಜೊತೆಗೆ ತಣ್ಣನೆಯ ಬೆವರು. ಮುಖ ಒಂದು ಕಡೆ ಸೊಟ್ಟಗಾಗಿದೆ, ಒಂದು ಕೈ ಎತ್ತಲು ಆಗುತ್ತಿಲ್ಲ, ಮಾತು ತೊದಲುತ್ತಿದೆ. ಮಾತಾಡಲೂ ಆಗದಷ್ಟು ಏದುಸಿರು. ನಿಲ್ಲದ ಫಿಟ್ಸ್. ಹಾವು ಕಚ್ಚಿದೆ. ವಿಷ ಕುಡಿದಿದ್ದಾರೆ. ಗರ್ಭಿಣಿಗೆ ರಕ್ತ ಹೋಗುತ್ತಿದೆ, ಇಲ್ಲವೇ ತಲೆ ಸಿಡಿಯುವಷ್ಟು ನೋವಿದ್ದು ಕಣ್ಣು ಮಂಜಾಗಿದೆ. ಮೂರು ತಿಂಗಳು ತುಂಬದ ಮಗುವಿಗೆ 100.4 ಡಿಗ್ರಿ ಜ್ವರ. ಜೀವನದಲ್ಲೇ ಬರದಂತಹ ತಲೆನೋವು ಒಂದೇ ಸಲ ಹೊಡೆದಿದೆ.

ಇವುಗಳಲ್ಲಿ ಯಾವುದಿದ್ದರೂ ಆ್ಯಪ್ ಬೇಡ, ಚಾಟ್ ಬೇಡ, ಈ ಬರಹವನ್ನು ಮುಂದೆ ಓದುವುದೂ ಬೇಡ. 108ಕ್ಕೆ ಫೋನ್ ಮಾಡಿ. 2008ರ ನವೆಂಬರ್ 1ರಿಂದ ಕರ್ನಾಟಕದಲ್ಲಿ ಓಡುತ್ತಿರುವ ಸೇವೆ ಇದು. ಆಂಬುಲೆನ್ಸ್ ತಡ ಅನ್ನಿಸಿದರೆ ಸಿಕ್ಕ ಕಾರು ಹತ್ತಿ. ಪಾರ್ಶ್ವವಾಯುವಿನಲ್ಲಿ ರಕ್ತದ ಗಂಟು ಕರಗಿಸುವ ಇಂಜೆಕ್ಷನ್ ಕೊಡಲು ಲಕ್ಷಣ ಶುರುವಾದಾಗಿನಿಂದ ಸುಮಾರು ನಾಲ್ಕೂವರೆ ಗಂಟೆ ಅವಕಾಶ ಇರುತ್ತದೆ. ದಾರಿಯ ಸಮಯ, ಸ್ಕ್ಯಾನಿಂಗ್ ಸಮಯ ಎಲ್ಲ ಅದರಲ್ಲೇ ಕಳೆಯಬೇಕು. ಆ್ಯಪಿನ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾ ಕೂರಲು ಹತ್ತು ನಿಮಿಷ ಎಲ್ಲಿದೆ?

ಎದೆನೋವಿನ ಬಗ್ಗೆ ಇನ್ನೊಂದು ಮಾತು, ಯಾಕಂದರೆ ನಮ್ಮಲ್ಲಿ ಅದು ಯಾವಾಗಲೂ 'ಗ್ಯಾಸ್ಟ್ರಿಕ್' ಆಗಿಯೇ ಶುರುವಾಗುತ್ತದೆ. ರಾತ್ರಿ ಊಟ ಜಾಸ್ತಿ ಆಯ್ತು, ಒಂದು ಸೋಡಾ ಕುಡಿದರೆ ಹೋಗುತ್ತೆ ಅನ್ನುವವರು ಪ್ರತಿ ಮನೆಯಲ್ಲೂ ಇದ್ದಾರೆ. ಶುಗರ್ ಇರುವವರಿಗೆ, ಹೆಂಗಸರಿಗೆ, ವಯಸ್ಸಾದವರಿಗೆ ಹೃದಯಾಘಾತದಲ್ಲಿ ಸಿನಿಮಾದಲ್ಲಿ ತೋರಿಸುವಂತೆ ಎದೆ ಹಿಡಿದುಕೊಳ್ಳುವ ನೋವು ಬರದೇ ಇರಬಹುದು. ಬರೀ ಸುಸ್ತು, ವಾಂತಿ ಬಂದ ಹಾಗೆ ಆಗುವುದು, ಉಸಿರು ಕಟ್ಟಿದ ಹಾಗೆ ಆಗುವುದು, ಇಷ್ಟೇ ಇರಬಹುದು. ಇದನ್ನು ಯಾವ ಆ್ಯಪೂ ಪ್ರಶ್ನೆ ಕೇಳಿ ಬಗೆಹರಿಸಲಾರದು, ಇಸಿಜಿ ತೆಗೆಯಬೇಕು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಜಯದೇವದಂತಹ ದೊಡ್ಡ ಆಸ್ಪತ್ರೆಯ ತಜ್ಞರ ಸಲಹೆ ಪಡೆದು, ಬೇಕಾದರೆ ಗಂಟು ಕರಗಿಸುವ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಕೊಡುವ ವ್ಯವಸ್ಥೆ ಮಾಡಿದ್ದಾರೆ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಇದಿದೆ ಅಂತ ಆರಾಮಾಗಿರುವಾಗಲೇ ತಿಳಿದುಕೊಂಡಿರಿ.

ಸರಿ, ಇದ್ಯಾವುದೂ ಇಲ್ಲ. ಜ್ವರ, ಕೆಮ್ಮು, ಹೊಟ್ಟೆನೋವು, ಚರ್ಮದ ಮೇಲೆ ಗುಳ್ಳೆ, ಸೊಂಟ ಹಿಡಿದುಕೊಂಡಿದೆ. ಈಗ ಆಯ್ಕೆಗಳನ್ನು ನೋಡೋಣ.

ಪ್ರಶ್ನೆ ಕೇಳುವ ಆ್ಯಪ್‌ಗಳು: ಏಡಾ, ಸಿಂಪ್ಟೊಮೇಟ್, ವೆಬ್‌ಎಂಡಿ, ಮೇಯೊ

ಇವನ್ನು ಸಿಂಪ್ಟಮ್ ಚೆಕರ್ ಅಂತಾರೆ. ವಯಸ್ಸು, ಗಂಡೋ ಹೆಣ್ಣೋ, ಏನಾಗುತ್ತಿದೆ ಅಂತ ಹೇಳಿದರೆ ಒಂದೊಂದೇ ಪ್ರಶ್ನೆ ಕೇಳುತ್ತಾ ಹೋಗುತ್ತವೆ. ಎಷ್ಟು ದಿನದಿಂದ, ಊಟ ಆದ ಮೇಲೆ ಜಾಸ್ತಿಯಾ, ಜ್ವರ ಇದೆಯಾ ಅಂತ. ಒಳಗೆ ಕೆಲಸ ನಡೆಯುವುದು ಎರಡು ಥರ. ಕೆಲವು 'ಹೌದು ಅಂದರೆ ಈ ಕಡೆ, ಇಲ್ಲ ಅಂದರೆ ಆ ಕಡೆ' ಅನ್ನುವ ಕವಲು ದಾರಿ ಹಿಡಿಯುತ್ತವೆ. ಇನ್ನು ಕೆಲವು ಪ್ರತಿ ಉತ್ತರಕ್ಕೂ ಸಾಧ್ಯತೆಗಳ ಲೆಕ್ಕ ಹಾಕಿ, ಯಾವ ಕಾಯಿಲೆಯ ಸಾಧ್ಯತೆ ಏರಿತು ಯಾವುದರದ್ದು ಇಳಿಯಿತು ಅಂತ ನೋಡಿ ಮುಂದಿನ ಪ್ರಶ್ನೆ ಆರಿಸುತ್ತವೆ.

ಇವು ಎಷ್ಟು ನಂಬಿಕಸ್ಥ? 2015ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ಅಧ್ಯಯನ ಈ ವಿಷಯದಲ್ಲಿ ಈಗಲೂ ಎಲ್ಲರೂ ಎತ್ತುವ ಹೆಸರು. ಆಗ ಇದ್ದ 23 ಸಿಂಪ್ಟಮ್ ಚೆಕರ್‌ಗಳಿಗೆ 45 ರೋಗಿಗಳ ಕತೆ ಕೊಟ್ಟು ನೋಡಿದರು. ಸರಿಯಾದ ಕಾಯಿಲೆ ಪಟ್ಟಿಯ ಮೊದಲ ಸ್ಥಾನದಲ್ಲಿ ಬಂದದ್ದು ನೂರಕ್ಕೆ 34 ಸಲ ಮಾತ್ರ. ಎಲ್ಲಿಗೆ ಹೋಗಬೇಕು ಅನ್ನುವ ಸಲಹೆ ಸರಿ ಬಂದದ್ದು 57 ಸಲ. ಇದನ್ನು ಇನ್ನೂ ಬಿಡಿಸಿ ನೋಡಿದರೆ ಮಜಾ ಇದೆ. ನಿಜವಾದ ತುರ್ತು ಇದ್ದಾಗ ನೂರಕ್ಕೆ 80 ಸಲ ಸರಿಯಾಗಿ ಓಡಿಸಿವೆ. ಮನೆಯಲ್ಲೇ ವಾಸಿಯಾಗುವ ಸಣ್ಣ ಕಾಯಿಲೆ ಇದ್ದಾಗ ಸರಿ ಹೇಳಿದ್ದು 33 ಸಲ, ಉಳಿದಂತೆ ಡಾಕ್ಟರ ಹತ್ತಿರ ಹೋಗಿ ಅಂತಲೇ ಹೇಳಿವೆ. ಅಂದರೆ ಇವು ಪುಕ್ಕಲು. ಇದನ್ನು ತಿಳಿದು ಬಳಸಿದರೆ ಇವುಗಳ ಮಾತಿಗೆ ಎಷ್ಟು ತೂಕ ಕೊಡಬೇಕು ಅಂತ ಗೊತ್ತಾಗುತ್ತದೆ. 'ಮನೆಯಲ್ಲೇ ಇರಿ' ಅಂದರೆ ಅದು ಬಹಳ ಯೋಚಿಸಿ ಹೇಳಿದ ಮಾತು ಅನ್ನಬಹುದು, ಆದರೆ ತುರ್ತಿನಲ್ಲೂ ನೂರಕ್ಕೆ 20 ಸಲ ತಪ್ಪಿವೆ ಅನ್ನುವುದನ್ನು ಮರೆಯಬೇಡಿ. 'ಡಾಕ್ಟರನ್ನು ನೋಡಿ' ಅಂದ ತಕ್ಷಣ ಗಾಬರಿ ಬೀಳಬೇಕಾಗಿಲ್ಲ.

ಏಡಾ ಜರ್ಮನಿಯ ಬರ್ಲಿನ್‌ನದು, 2011ರಲ್ಲಿ ಶುರುವಾದ ಕಂಪನಿ. 2020ರಲ್ಲಿ 200 ರೋಗಿ ಕತೆಗಳಿಟ್ಟು ಎಂಟು ಆ್ಯಪ್‌ಗಳನ್ನೂ ಏಳು ಡಾಕ್ಟರುಗಳನ್ನೂ ಹೋಲಿಸಿದ ಅಧ್ಯಯನದಲ್ಲಿ ಸರಿಯಾದ ಕಾಯಿಲೆಯನ್ನು ಮೊದಲ ಮೂರರೊಳಗೆ ತಂದದ್ದು ಡಾಕ್ಟರುಗಳು ಸರಾಸರಿ ನೂರಕ್ಕೆ 82 ಸಲ, ಏಡಾ ಸುಮಾರು 71 ಸಲ. ಉಳಿದ ಆ್ಯಪ್‌ಗಳು ಬಹಳ ಹಿಂದೆ. ಎಲ್ಲಿಗೆ ಹೋಗಬೇಕು ಅನ್ನುವ ಸಲಹೆ ಅಪಾಯವಿಲ್ಲದ್ದಾಗಿತ್ತಾ ಅಂತ ನೋಡಿದರೆ ಏಡಾ, ಡಾಕ್ಟರು ಇಬ್ಬರೂ ನೂರಕ್ಕೆ 97. ಚೆನ್ನಾಗಿದೆ ಅಲ್ವಾ? ಆದರೆ ಈ ಅಧ್ಯಯನದಲ್ಲಿ ಏಡಾ ಕಂಪನಿಯ ನೌಕರರೇ ಇದ್ದರು. ಇದನ್ನು ಅವರು ಮುಚ್ಚಿಟ್ಟಿಲ್ಲ, ನಾವು ಮಾತ್ರ ಅಂಕ ಓದುವಾಗ ನೆನಪಿಟ್ಟುಕೊಳ್ಳಬೇಕು.

ಸಿಂಪ್ಟೊಮೇಟ್ ಪೋಲೆಂಡಿನ ಇನ್ಫರ್ಮೆಡಿಕಾ ಕಂಪನಿಯದು. ಆ್ಯಪ್ ಹಾಕಿಕೊಳ್ಳದೆ, ಖಾತೆ ತೆರೆಯದೆ, ಬ್ರೌಸರಿನಲ್ಲೇ ಬಳಸಬಹುದು. ಇದು ನನಗೆ ಹಿಡಿಸಿದ ಅಂಶ. ಕೊನೆಗೆ ಯಾವ ಮಟ್ಟದ ತುರ್ತು ಅಂತ ಸ್ಪಷ್ಟವಾಗಿ ಮೇಲೆಯೇ ಬರೆದಿರುತ್ತದೆ. ಅದೇ ಎಂಟು ಆ್ಯಪ್‌ಗಳ ಅಧ್ಯಯನದಲ್ಲಿ ಇದರ ಕಾಯಿಲೆ ಊಹೆ ಏಡಾಕ್ಕಿಂತ ತುಂಬಾ ಕೆಳಗಿತ್ತು, ತುರ್ತಿನ ಸಲಹೆ ಮಾತ್ರ ಏಡಾದಷ್ಟೇ ಚೆನ್ನಾಗಿತ್ತು. ನಮ್ಮ ಅಳತೆಯಲ್ಲಿ ನಮಗೆ ಬೇಕಾದದ್ದು ಎರಡನೆಯದು.

ವೆಬ್‌ಎಂಡಿ ಎಲ್ಲರಿಗೂ ಗೊತ್ತಿರುವ ಹೆಸರು. ಲಕ್ಷಣ ಹಾಕಿದರೆ ಹೊಂದುವ ಕಾಯಿಲೆಗಳ ಪಟ್ಟಿ ಕೊಡುತ್ತದೆ, ಪಕ್ಕದಲ್ಲಿ ಜಾಹೀರಾತು. ಪಟ್ಟಿಯ ಕೊನೆಯಲ್ಲಿರುವ ಭಯಂಕರ ಹೆಸರನ್ನೇ ನಮ್ಮ ಕಣ್ಣು ಮೊದಲು ಹಿಡಿಯುತ್ತದೆ, ರಾತ್ರಿ ನಿದ್ದೆ ಹೋಗುತ್ತದೆ. ಆರೋಗ್ಯದ ಬಗ್ಗೆ ಮೊದಲೇ ಆತಂಕ ಪಡುವವರು ಇದರಿಂದ ದೂರ ಇರುವುದು ವಾಸಿ. ಅಮೆರಿಕದ ಆಸ್ಪತ್ರೆ ಮೇಯೊ ಕ್ಲಿನಿಕ್‌ನದು ಸಂಭಾಷಣೆಯ ಥರ ಅಲ್ಲ. ಲಕ್ಷಣ ಆರಿಸಿ ಟಿಕ್ ಹಾಕಿದರೆ ಕಾರಣಗಳು ಬರುತ್ತವೆ, ಜೊತೆಗೆ 'ಯಾವಾಗ ಡಾಕ್ಟರನ್ನು ನೋಡಬೇಕು' ಅನ್ನುವ ಭಾಗ. ಆ ಭಾಗ ಶಾಂತವಾಗಿ, ಸರಳವಾಗಿ ಬರೆದಿರುತ್ತದೆ. ಇಂಗ್ಲಿಷ್ ಓದುವವರಿಗೆ ಕಾಯಿಲೆಯ ಪಟ್ಟಿ ಬಿಟ್ಟು ಅದೊಂದನ್ನೇ ಓದಿ ಅಂತ ಹೇಳುತ್ತೇನೆ.

ಈ ನಾಲ್ಕರಲ್ಲಿ ಯಾವುದರಲ್ಲೂ ಕನ್ನಡ ಇಲ್ಲ. ಅಂದರೆ ಊರಲ್ಲಿರುವ ಅಜ್ಜಿ ತಾವೇ ಬಳಸಲಾರರು, ಮೊಮ್ಮಗ ಪಕ್ಕದಲ್ಲಿ ಕೂತು ಕೇಳಿ ಕೇಳಿ ಒತ್ತಬೇಕು. ಹಾಗೆ ಒತ್ತುವಾಗ ಒಂದು ಎಚ್ಚರ: ಅಜ್ಜಿ 'ಗ್ಯಾಸ್ಟ್ರಿಕ್' ಅಂದರು ಅಂತ ಗ್ಯಾಸ್ಟ್ರಿಕ್ ಅಂತಲೇ ಹಾಕಬೇಡಿ. ಎಲ್ಲಿ ನೋವು, ಉರಿಯಾ ಒತ್ತಿದ ಹಾಗಾ, ನಡೆದರೆ ಜಾಸ್ತಿ ಆಗುತ್ತಾ ಅಂತ ಕೇಳಿ ಅದನ್ನು ಹಾಕಿ. ಕಾಯಿಲೆ ನೀವೇ ತೀರ್ಮಾನ ಮಾಡಿ ಕೊಟ್ಟರೆ ಆ್ಯಪ್ ಸುಮ್ನೆ ತಲೆಯಾಡಿಸುತ್ತದೆ.

ಕೊನೆಯ ಸ್ಕ್ರೀನ್ ಯಾವ ದೇಶದ್ದು?

ಇದನ್ನು ಯಾರೂ ಹೋಲಿಸುವುದಿಲ್ಲ. ನನ್ನ ಪ್ರಕಾರ ಇದೇ ಮುಖ್ಯ.

ಎಲ್ಲ ಪ್ರಶ್ನೆ ಮುಗಿದ ಮೇಲೆ 'ಇಪ್ಪತ್ನಾಲ್ಕು ಗಂಟೆಯೊಳಗೆ ನಿಮ್ಮ ಜಿಪಿಯನ್ನು ಕಾಣಿ' ಅಂತ ಬಂತು ಅಂದುಕೊಳ್ಳಿ. ಜಿಪಿ ಅಂದರೆ ಅಲ್ಲಿನ ಫ್ಯಾಮಿಲಿ ಡಾಕ್ಟರ್. ಇಂಗ್ಲೆಂಡಿನಲ್ಲಿ ಹೆಚ್ಚುಕಡಿಮೆ ಎಲ್ಲರೂ ಒಂದು ಜಿಪಿ ಕ್ಲಿನಿಕ್‌ನಲ್ಲಿ ಹೆಸರು ಬರೆಸಿರುತ್ತಾರೆ, ನಿಮ್ಮ ಹಳೆಯ ಕಾಯಿಲೆ, ಮಾತ್ರೆ ಎಲ್ಲ ಅಲ್ಲಿ ದಾಖಲೆಯಲ್ಲಿದೆ. ನಮ್ಮಲ್ಲಿ? ಪಕ್ಕದ ಬೀದಿಯ ಎಂಬಿಬಿಎಸ್ ಡಾಕ್ಟರ್ ಸಂಜೆ ಆರರ ಮೇಲೆ ಸಿಗುತ್ತಾರೆ. ಇಲ್ಲ ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರ (ಪಿಎಚ್‌ಸಿ), ಬೆಂಗಳೂರಾದರೆ ಸರ್ಕಾರದ 'ನಮ್ಮ ಕ್ಲಿನಿಕ್'. ಭಾನುವಾರವಾದರೆ ಅದೂ ಕಷ್ಟ. ಬೇರೆ ಊರಿನ ಬಸ್ ಟೈಮ್‌ಟೇಬಲ್ ಹಿಡಿದು ನಮ್ಮೂರ ಸ್ಟ್ಯಾಂಡಿನಲ್ಲಿ ನಿಂತ ಹಾಗೆ ಆಗುತ್ತದೆ.

ಇನ್ನೂ ಎಚ್ಚರ ಬೇಕಾದದ್ದು 'ಫಾರ್ಮಸಿಸ್ಟ್ ಹತ್ತಿರ ಕೇಳಿ' ಅನ್ನುವ ಸಲಹೆಯಲ್ಲಿ. ಅಲ್ಲಿ ಫಾರ್ಮಸಿಸ್ಟ್ ಅಂದರೆ ಸಣ್ಣ ಕಾಯಿಲೆಗೆ ಸಲಹೆ ಕೊಡಲು ಓದಿ ತಯಾರಾದವರು, ಕೇಳಿದವರಿಗೆಲ್ಲ ಆ್ಯಂಟಿಬಯಾಟಿಕ್ ಕೊಡುವುದಿಲ್ಲ. ಇಲ್ಲಿ ಅದೇ ಸಲಹೆ ಹಿಡಿದು ಮೆಡಿಕಲ್ ಶಾಪಿಗೆ ಹೋದರೆ ಕೌಂಟರಿನಲ್ಲಿರುವ ಹುಡುಗ ಎರಡು ಆ್ಯಂಟಿಬಯಾಟಿಕ್, ಒಂದು ಗ್ಯಾಸ್ ಮಾತ್ರೆ ಕತ್ತರಿಸಿ ಕೊಡಬಹುದು. ಹುಳುಕಡ್ಡಿಗೆ ಸ್ಟೀರಾಯ್ಡ್ ಬೆರೆಸಿದ ಮುಲಾಮು ಹಚ್ಚಿ ಹಚ್ಚಿ ಅದು ವಾಸಿಯಾಗದೆ ಹರಡುವುದು ದೇಶದ ಚರ್ಮ ವೈದ್ಯರೆಲ್ಲ ಹೇಳುತ್ತಲೇ ಬಂದಿರುವ ಗೋಳು, ಅದು ಬರುವುದು ಹೀಗೇ. ಆದ್ದರಿಂದ ಹೊರದೇಶದ ಆ್ಯಪ್ 'ಫಾರ್ಮಸಿ' ಅಂದರೆ 'ನಾಳೆ ನಾಡಿದ್ದರಲ್ಲಿ ಕ್ಲಿನಿಕ್' ಅಂತ ಓದಿಕೊಳ್ಳಿ. 'ಜಿಪಿ' ಅಂದರೆ ಪಿಎಚ್‌ಸಿ ಅಥವಾ ಫ್ಯಾಮಿಲಿ ಡಾಕ್ಟರ್. 'ಅರ್ಜೆಂಟ್ ಕೇರ್' ಅಂದರೆ ಇವತ್ತೇ, ತಾಲೂಕು ಆಸ್ಪತ್ರೆ ಇಲ್ಲವೇ ನರ್ಸಿಂಗ್ ಹೋಮ್. 'ಎಮರ್ಜೆನ್ಸಿ' ಅಂದರೆ ಯಾವ ತಿದ್ದುಪಡಿಯೂ ಇಲ್ಲ, ಕ್ಯಾಶುವಾಲ್ಟಿ.

ಆಸ್ಪತ್ರೆಯಿಂದ ನೀವೆಷ್ಟು ದೂರ ಇದ್ದೀರಿ ಅನ್ನುವ ಲೆಕ್ಕವೂ ಅದರೊಳಗೆ ಇಲ್ಲ. ಕೊನೆಯ ಬಸ್ ಸಂಜೆ ಏಳಕ್ಕೆ ಹೋಗಿಬಿಡುವ ಊರಲ್ಲಿ 'ರಾತ್ರಿ ಜಾಸ್ತಿಯಾದರೆ ಆಸ್ಪತ್ರೆಗೆ ಹೋಗಿ' ಅನ್ನುವ ಸಲಹೆ ಏನು ಕೆಲಸಕ್ಕೆ ಬರುತ್ತದೆ? ಅಂಥ ಕಡೆ ಒಂದು ಮೆಟ್ಟಿಲು ಮೇಲೆ ಹೋಗುವುದೇ ಸರಿ. ನಾಳೆ ಅಂದರೆ ಇವತ್ತೇ ಹಗಲಿನಲ್ಲಿ ಹೋಗಿಬಿಡಿ.

ಚಾಟ್‌ಬಾಟ್‌ಗಳು: ಕನ್ನಡ ಬರುತ್ತೆ, ಆದರೆ

ಚಾಟ್‌ಜಿಪಿಟಿ, ಜೆಮಿನಿ ಇವುಗಳ ದೊಡ್ಡ ಅನುಕೂಲ ಕನ್ನಡ. ಬಾಯಲ್ಲೇ ಹೇಳಬಹುದು, 'ನಿನ್ನೆಯಿಂದ ಯಾಕೋ ಹೊಟ್ಟೆ ತೊಳಸಿದ ಹಾಗೆ ಆಗ್ತಿದೆ' ಅಂದರೂ ಅರ್ಥವಾಗುತ್ತದೆ. ಲ್ಯಾಬ್ ರಿಪೋರ್ಟಿನಲ್ಲಿರುವ ಪದದ ಅರ್ಥ ಕೇಳಲು, ಡಾಕ್ಟರ್ ಹೇಳಿದ್ದನ್ನು ಇನ್ನೊಮ್ಮೆ ಸರಳವಾಗಿ ತಿಳಿಯಲು ಇವು ತುಂಬಾ ಚೆನ್ನ.

'ಈಗ ಹೋಗಬೇಕಾ' ಅನ್ನುವ ಪ್ರಶ್ನೆಗೆ? ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ಬ್ರಿಟನ್ನಿನ 1,298 ಜನರ ಮೇಲೆ ಮಾಡಿದ ಪ್ರಯೋಗ 2025ರಲ್ಲಿ ಹೊರಬಂತು. ಹತ್ತು ರೋಗಿ ಕತೆಗಳು. ಕತೆಯನ್ನು ಪೂರ್ತಿಯಾಗಿ ನೇರ ಚಾಟ್‌ಬಾಟ್‌ಗೆ ಕೊಟ್ಟಾಗ ಅದು ನೂರಕ್ಕೆ ಸುಮಾರು 95 ಸಲ ಸಂಬಂಧಪಟ್ಟ ಕಾಯಿಲೆಯನ್ನು ಹೇಳಿತು. ಅದೇ ಕತೆಯನ್ನು ಮಾಮೂಲಿ ಜನರ ಕೈಗೆ ಕೊಟ್ಟು, ಚಾಟ್‌ಬಾಟ್ ಕೇಳಿ ತೀರ್ಮಾನ ಮಾಡಿ ಅಂದಾಗ ಕಾಯಿಲೆ ಸರಿ ಹೇಳಿದ್ದು ನೂರಕ್ಕೆ 35ಕ್ಕೂ ಕಡಿಮೆ, ಎಲ್ಲಿಗೆ ಹೋಗಬೇಕು ಅಂತ ಸರಿ ಹೇಳಿದ್ದು 45ಕ್ಕೂ ಕಡಿಮೆ. ಚಾಟ್‌ಬಾಟ್ ಇಲ್ಲದೆ ತಮಗೆ ತೋಚಿದಂತೆ ಹುಡುಕಿ ಉತ್ತರಿಸಿದವರಿಗಿಂತ ಇವರು ಒಂದು ಚೂರೂ ಮೇಲಿರಲಿಲ್ಲ. ಇಷ್ಟೆಲ್ಲ ಗೊತ್ತಿರುವ ಯಂತ್ರ ಜನರ ಕೈಗೆ ಬಂದ ಕೂಡಲೇ ಯಾಕೆ ಹೀಗಾಯಿತು? ಜನ ಅರ್ಧಂಬರ್ಧ ಹೇಳಿದರು, ಯಂತ್ರ ಉಳಿದದ್ದನ್ನು ಕೇಳಲಿಲ್ಲ. ಕೇಳುವ ಮಾತು ಚೂರು ಬದಲಾದರೆ ಉತ್ತರವೂ ಬದಲಾಯಿತು. ಮಿದುಳಿನಲ್ಲಿ ರಕ್ತಸ್ರಾವದ ಒಂದೇ ಕತೆಯನ್ನು ಇಬ್ಬರು ಹೆಚ್ಚುಕಡಿಮೆ ಒಂದೇ ಥರ ಹೇಳಿದರೂ ಒಬ್ಬರಿಗೆ 'ಕತ್ತಲ ಕೋಣೆಯಲ್ಲಿ ಮಲಗಿ' ಅಂತ, ಇನ್ನೊಬ್ಬರಿಗೆ 'ತಕ್ಷಣ ಆಸ್ಪತ್ರೆಗೆ ಹೋಗಿ' ಅಂತ ಉತ್ತರ ಬಂದಿತ್ತು.

ಹಳೇ ಥರದ ಸಿಂಪ್ಟಮ್ ಚೆಕರ್ ಇಲ್ಲೇ ಗೆಲ್ಲುವುದು. ಅದು ಬೋರು ಹೊಡೆಸುತ್ತದೆ, ಆದರೆ ಬಿಡದೆ ಕೇಳುತ್ತದೆ. ಚಾಟ್‌ಬಾಟ್ ಮಾತು ಇಷ್ಟವಾಗುತ್ತದೆ, ಆದರೆ ನೀವು ಹೇಳಿದಷ್ಟಕ್ಕೇ ಉತ್ತರ ಕೊಟ್ಟು ಸುಮ್ಮನಾಗುತ್ತದೆ. ಚಾಟ್‌ಬಾಟೇ ಬೇಕು ಅನ್ನುವವರು ಹೀಗೆ ಮಾಡಿ: ಮೊದಲೇ 'ಉತ್ತರ ಈಗಲೇ ಕೊಡಬೇಡ, ತುರ್ತು ಇದೆಯಾ ಅಂತ ತಿಳಿಯಲು ಏನೇನು ಬೇಕೋ ಒಂದೊಂದೇ ಪ್ರಶ್ನೆ ಕೇಳು' ಅನ್ನಿ. ವಯಸ್ಸು, ಬಿ.ಪಿ., ಶುಗರ್, ನುಂಗುತ್ತಿರುವ ಮಾತ್ರೆ, ಬಸಿರಿದ್ದರೆ ಅದು, ಎಲ್ಲ ನೀವೇ ಹೇಳಿ. 'ಇದು ಸಾಮಾನ್ಯ ತಲೆನೋವೇ ಅಲ್ವಾ?' ಅಂತ ಮಾತ್ರ ಕೇಳಬೇಡಿ, ಹೌದು ಅನ್ನುವ ಚಾಳಿ ಅದಕ್ಕಿದೆ.

ಔಷಧಿ, ಪಥ್ಯ ಬದಲಿಸುವ ವಿಷಯದಲ್ಲಂತೂ ಇವುಗಳ ಮಾತು ಕೇಳಲೇಬಾರದು. ಅಮೆರಿಕದಲ್ಲಿ 60 ವರ್ಷದ ಒಬ್ಬರು ಉಪ್ಪು ಬಿಡಬೇಕು ಅಂತ ಹೊರಟು, ಚಾಟ್‌ಜಿಪಿಟಿ ಕೇಳಿದ ಮೇಲೆ ಅಡುಗೆ ಉಪ್ಪಿನ ಬದಲು ಸೋಡಿಯಂ ಬ್ರೋಮೈಡ್ ತಿಂದು, ಮೂರು ತಿಂಗಳಲ್ಲಿ ಭ್ರಮೆ ಹಿಡಿದು ಆಸ್ಪತ್ರೆ ಸೇರಿದ ಪ್ರಕರಣ 2025ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲೇ ಬಂತು. ನಮ್ಮ ದೇಶದಲ್ಲಿ 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿ ಇದನ್ನು ನೇರವಾಗಿಯೇ ಹೇಳಿದೆ: ಕೃತಕ ಬುದ್ಧಿಮತ್ತೆ ರೋಗಿಗೆ ಸಲಹೆ ಕೊಡುವಂತಿಲ್ಲ, ಔಷಧಿ ಬರೆಯುವಂತಿಲ್ಲ, ಆ ಹಕ್ಕು ನೋಂದಾಯಿತ ವೈದ್ಯರದ್ದು ಮಾತ್ರ.

ನಮ್ಮ ಹತ್ತಿರವೇ ಇರುವುದು: 104, ಇ-ಸಂಜೀವಿನಿ, 14416

ಕೋವಿಡ್ ಹೊತ್ತಿನಲ್ಲಿ ಕನ್ನಡಿಗರು ಗೊತ್ತಿಲ್ಲದೇ ಸಿಂಪ್ಟಮ್ ಚೆಕರ್ ಬಳಸಿದವರೇ. 2020ರ ಏಪ್ರಿಲ್ 2ಕ್ಕೆ ಬಂದ ಆರೋಗ್ಯ ಸೇತು ಕನ್ನಡದಲ್ಲೇ ಕೆಮ್ಮು ಇದೆಯಾ, ಜ್ವರ ಇದೆಯಾ ಅಂತ ಕೇಳುತ್ತಿತ್ತು. ಅದೇ ತಿಂಗಳು ರಾಜ್ಯ ಸರ್ಕಾರದ ಆಪ್ತಮಿತ್ರ ಸಹಾಯವಾಣಿ, 14410, ಶುರುವಾಯಿತು. ಒಂದು ಕಡೆ ಆ್ಯಪ್, ಒಂದು ಕಡೆ ಫೋನಿನಲ್ಲಿ ಮನುಷ್ಯ. ಸ್ಮಾರ್ಟ್‌ಫೋನ್ ಇಲ್ಲದ ಮನೆಗಳಿಗೆ ಯಾವುದು ಉಪಯೋಗಕ್ಕೆ ಬಂತು ಅಂತ ಬೇರೆ ಹೇಳಬೇಕಾಗಿಲ್ಲ.

104 ಆರೋಗ್ಯ ಸಹಾಯವಾಣಿ ಈ ಸಾಲಿನದು. ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿ ಮಾತು. ಫೋನೆತ್ತುವವರು ಲಕ್ಷಣ ಕೇಳಿಕೊಂಡು, ಬೇಕಿದ್ದರೆ ವೈದ್ಯರ ಸಲಹೆ ಪಡೆದು ಎಲ್ಲಿಗೆ ಹೋಗಬೇಕು ಅಂತ ಹೇಳುತ್ತಾರೆ. ಆ್ಯಪಿಗಿಂತ ಇದು ಮೇಲು ಅನ್ನಲು ನನಗೆ ಕಾರಣ ಒಂದೇ. ಅದು ಹೇಳುವ 'ಪಿಎಚ್‌ಸಿ', 'ತಾಲೂಕು ಆಸ್ಪತ್ರೆ' ನಿಮ್ಮೂರಿನದು. ಮೈನಸ್ಸೂ ಇದೆ. ಕೆಲವೊಮ್ಮೆ ಕಾಯಬೇಕು, ಎತ್ತಿದವರ ತಾಳ್ಮೆ ಒಂದೇ ಥರ ಇರುವುದಿಲ್ಲ. ಇವತ್ತೇ ಒಂದು ಸಲ ಡಯಲ್ ಮಾಡಿ ನಿಮ್ಮ ಸಿಮ್ಮಿನಿಂದ ಲೈನ್ ಸಿಗುತ್ತದಾ ಅಂತ ನೋಡಿಟ್ಟುಕೊಳ್ಳಿ, ಅವಸರದಲ್ಲಿ ಮೊದಲ ಸಲ ಪ್ರಯತ್ನ ಮಾಡುವುದು ಬೇಡ.

ಇ-ಸಂಜೀವಿನಿ ಕೇಂದ್ರ ಸರ್ಕಾರದ ಉಚಿತ ಟೆಲಿಮೆಡಿಸಿನ್. ಮೊಬೈಲ್ ನಂಬರ್ ಕೊಟ್ಟು, ಒಟಿಪಿ ಹಾಕಿ, ಟೋಕನ್ ತೆಗೆದುಕೊಂಡು ಕಾದರೆ ವಿಡಿಯೊದಲ್ಲಿ ನಿಜವಾದ ಡಾಕ್ಟರ್ ಬರುತ್ತಾರೆ, ಮುಗಿದ ಮೇಲೆ ಔಷಧಿ ಚೀಟಿ ಫೋನಿಗೇ ಬರುತ್ತದೆ. ಜ್ವರ, ಚರ್ಮ, ಬಿ.ಪಿ. ಮಾತ್ರೆ ಮುಂದುವರಿಸಬೇಕಾ, ಇಂಥವಕ್ಕೆ ಇದನ್ನು ಮೀರಿಸಿದ್ದಿಲ್ಲ. ನೆಟ್‌ವರ್ಕ್ ಚೆನ್ನಾಗಿರಬೇಕು. ರಾತ್ರಿ ಹೊತ್ತಿಗೆ ಇದನ್ನು ನಂಬಿ ಕೂರಬೇಡಿ, ವೈದ್ಯರು ಇರುವ ಸಮಯ ಮೊದಲೇ ನೋಡಿಕೊಳ್ಳಿ. ಖಾಸಗಿ ಆ್ಯಪ್‌ಗಳಲ್ಲೂ ಹಣ ಕೊಟ್ಟರೆ ಡಾಕ್ಟರ್ ಸಿಗುತ್ತಾರೆ, ಅಲ್ಲಿ ನೋಡಬೇಕಾದದ್ದು ವೈದ್ಯರ ನೋಂದಣಿ ಸಂಖ್ಯೆ ಚೀಟಿಯ ಮೇಲಿದೆಯಾ ಅಂತ.

ಮನಸ್ಸಿನ ವಿಷಯಕ್ಕೆ ಇವ್ಯಾವೂ ಬೇಡ. ಟೆಲಿ ಮಾನಸ್ 14416 ಇದೆ. 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ, ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್, ಕನ್ನಡದಲ್ಲಿ ಮಾತಾಡುತ್ತಾರೆ. ಸಾಯುವ ಯೋಚನೆ ಬರುತ್ತಿದೆ ಅನ್ನುವವರು ಚಾಟ್‌ಬಾಟ್ ಜೊತೆ ಮಾತಾಡುತ್ತಾ ಕೂರಬಾರದು, ಈ ನಂಬರಿಗೆ ಮಾಡಬೇಕು.

ನಮ್ಮ ಕಡೆಯ ಜ್ವರಗಳು

ಹೊರದೇಶದ ಆ್ಯಪ್‌ಗೆ ಸೊರಬ ಗೊತ್ತಿಲ್ಲ. ಸಿಂಪ್ಟೊಮೇಟ್ ಎಲ್ಲಿದ್ದೀರಿ ಅಂತ ಕೇಳುತ್ತದೆ ನಿಜ, ಆದರೆ ಏಷ್ಯಾದ ದೊಡ್ಡ ಭಾಗವೆಲ್ಲ ಅದಕ್ಕೆ ಒಂದೇ ತುಂಡು. ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತು ಸಿಕ್ಕಿದ್ದು ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರಿನಿಂದ ಮೇವರೆಗಿನ ದಿನಗಳಲ್ಲಿ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರಿನ ಕಾಡಂಚಿನಲ್ಲಿ ತರಗೆಲೆ, ಸೌದೆ ತರಲು ಹೋದವರಿಗೆ ಉಣುಗು ಕಚ್ಚಿ ಬರುತ್ತದೆ. ಇದ್ದಕ್ಕಿದ್ದ ಹಾಗೆ ಜೋರು ಜ್ವರ, ತಲೆನೋವು, ಮೈಕೈ ನೋವು. ಲಕ್ಷಣ ಹಾಕಿದರೆ ಆ್ಯಪ್ ಫ್ಲೂ ಅನ್ನುವ ಸಾಧ್ಯತೆಯೇ ಜಾಸ್ತಿ. ಆ ಕಡೆಯ ಆಶಾ ಕಾರ್ಯಕರ್ತೆಗೆ 'ಕಾಡಿಗೆ ಹೋಗಿದ್ದೆ, ಜ್ವರ ಬಂದಿದೆ' ಅಂದರೆ ಸಾಕು, ಮುಂದಿನದು ಅವರಿಗೆ ಗೊತ್ತು. ಗದ್ದೆ ಕೆಲಸದವರ ಇಲಿ ಜ್ವರವೂ ಹೀಗೆಯೇ, ನೀರಿನಲ್ಲಿ ನಿಂತು ಕೆಲಸ ಮಾಡಿದ್ದನ್ನು ನೀವಾಗಿ ಹೇಳಬೇಕು.

ಡೆಂಗಿಯಲ್ಲಿ ಬೇರೆಯೇ ಮೋಸ ಇದೆ. ಅಪಾಯದ ದಿನಗಳು ಶುರುವಾಗುವುದು ಜ್ವರ ಇಳಿಯುವ ಹೊತ್ತಿಗೆ, ಸಾಮಾನ್ಯವಾಗಿ ಮೂರರಿಂದ ಏಳನೇ ದಿನದ ನಡುವೆ. ಮನೆಯವರು 'ಜ್ವರ ಬಿಟ್ಟಿತು' ಅಂತ ನಿಟ್ಟುಸಿರು ಬಿಡುತ್ತಾರೆ, ಆ್ಯಪಿನಲ್ಲೂ 'ಜ್ವರ ಇಲ್ಲ' ಅಂತ ಒತ್ತುತ್ತಾರೆ. ಜ್ವರ ಇಳಿದ ಮೇಲೆ ಹೊಟ್ಟೆ ವಿಪರೀತ ನೋವು, ನಿಲ್ಲದ ವಾಂತಿ, ಒಸಡು ಮೂಗಿನಲ್ಲಿ ರಕ್ತ, ತೂಕಡಿಕೆ ಅಥವಾ ಚಡಪಡಿಕೆ ಕಂಡರೆ ಆ್ಯಪ್ ಏನೇ ಹೇಳಲಿ, ಆಸ್ಪತ್ರೆಗೆ ಹೋಗಿ. ಮೊದಲೇ ಡಾಕ್ಟರನ್ನು ನೋಡಿದ್ದರೂ ಮತ್ತೆ ಹೋಗಿ.

ಎದುರು ದಿಕ್ಕಿನ ತೊಂದರೆಯೂ ಇದೆ. 2025ರ ಜೂನ್, ಜುಲೈನಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಟಿವಿಯಲ್ಲಿ ಓಡಿದ ಮೇಲೆ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಸಾಲು ನಿಂತಿತು. ಬಂದವರಲ್ಲಿ ತುಂಬಾ ಜನರಿಗೆ ಏನೂ ಆಗಿರಲಿಲ್ಲ, ಭಯ ಅಷ್ಟೇ. ಇಂಥ ಭಯಕ್ಕೆ ಶಾಂತವಾಗಿ ಹತ್ತು ಪ್ರಶ್ನೆ ಕೇಳಿ 'ಈ ವಾರದಲ್ಲಿ ಹತ್ತಿರದ ಕ್ಲಿನಿಕ್‌ನಲ್ಲಿ ಬಿ.ಪಿ., ಶುಗರ್ ನೋಡಿಸಿ' ಅನ್ನುವ ಟೂಲ್ ನಿಜಕ್ಕೂ ಒಳ್ಳೆಯದು. ನೋವೇ ಇಲ್ಲದವರಿಗೆ, ಅನುಮಾನ ಮಾತ್ರ ಇರುವವರಿಗೆ ಏಡಾ, ಸಿಂಪ್ಟೊಮೇಟ್ ಸರಿಯಾದ ಜಾಗ.

ಹೊರಗಿರುವ ಕನ್ನಡಿಗರಿಗೆ

ಇಂಗ್ಲೆಂಡಿನಲ್ಲಿದ್ದರೆ ಯೋಚನೆ ಬೇಡ, ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯ ಎನ್‌ಎಚ್‌ಎಸ್ 111 ಆನ್‌ಲೈನ್ ಇದೆ. ಪೋಸ್ಟ್‌ಕೋಡ್ ಹಾಕಿದರೆ ಹತ್ತಿರದ ಜಾಗವನ್ನೇ ತೋರಿಸುತ್ತದೆ, ಬೇಕಾದರೆ ನರ್ಸ್ ವಾಪಸ್ ಫೋನ್ ಮಾಡುವ ವ್ಯವಸ್ಥೆಯನ್ನೂ ಮಾಡುತ್ತದೆ. ಸಲಹೆಯೂ ಚಿಕಿತ್ಸೆಯೂ ಒಂದೇ ಮನೆಯದು, ಅದೇ ಅದರ ಬಲ. ಐದು ವರ್ಷದ ಕೆಳಗಿನ ಮಗುವಾದರೆ ಆನ್‌ಲೈನ್ ಬಿಟ್ಟು 111ಕ್ಕೆ ಫೋನ್ ಮಾಡಬೇಕು. ಆಸ್ಟ್ರೇಲಿಯಾದಲ್ಲಿ ಸರ್ಕಾರದ ಹೆಲ್ತ್‌ಡೈರೆಕ್ಟ್ ಹೀಗೆಯೇ. ಜರ್ಮನಿಯಲ್ಲಿ 116117 ನಂಬರಿನವರ ಆನ್‌ಲೈನ್ ಸೇವೆ ಇದೆ. ಅಮೆರಿಕದಲ್ಲಿ ಖರ್ಚಿನ ಚಿಂತೆ ಸೇರಿಕೊಳ್ಳುತ್ತದೆ. ಎಮರ್ಜೆನ್ಸಿಗೆ ಸುಮ್ನೆ ಹೋಗಿ ಬಂದರೂ ಬಿಲ್ ನೋಡಿ ಹೃದಯ ನಿಲ್ಲಬೇಕು. ಅಲ್ಲಿ ಬಹಳಷ್ಟು ಇನ್ಶೂರೆನ್ಸ್ ಕಾರ್ಡುಗಳ ಹಿಂದೆ ನರ್ಸ್ ಲೈನ್ ನಂಬರ್ ಇರುತ್ತದೆ, ಯಾವ ಆ್ಯಪಿಗಿಂತಲೂ ಮೊದಲು ಅದಕ್ಕೆ ಮಾಡಿ.

ನೀವು ಕೊಡುವ ಮಾಹಿತಿ

ಉಚಿತ ಆ್ಯಪ್‌ಗಳ ಬಗ್ಗೆ ಚಿಕ್ಕದಾಗಿ. ಅಮೆರಿಕದ ಗುಡ್‌ಆರ್‌ಎಕ್ಸ್ ಅನ್ನುವ ಔಷಧಿ ರಿಯಾಯಿತಿ ಕಂಪನಿ ಬಳಕೆದಾರರ ಆರೋಗ್ಯದ ಮಾಹಿತಿಯನ್ನು ಫೇಸ್‌ಬುಕ್, ಗೂಗಲ್‌ಗೆ ಕೊಟ್ಟಿದ್ದಕ್ಕೆ 2023ರಲ್ಲಿ 15 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಿತು. ನಮ್ಮಲ್ಲೂ 2023ರಲ್ಲೇ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ ಕಾಯ್ದೆ ಆಗಿದೆ, ಆದರೆ ಕಾಯ್ದೆ ಇದೆ ಅಂತ ಎಲ್ಲ ಬರೆದುಕೊಡಬೇಡಿ. ಲಕ್ಷಣ ನೋಡಲು ವಯಸ್ಸು ಬೇಕು, ಹೆಸರು ಬೇಡ. ಆಧಾರ್ ಅಂತೂ ಬೇಡವೇ ಬೇಡ. ಖಾತೆ ಇಲ್ಲದೆ ನಡೆಯುವುದಿದ್ದರೆ ಹಾಗೇ ನಡೆಸಿ. ಮನೆಯವರೆಲ್ಲ ಒಂದೇ ಫೋನ್ ಬಳಸುತ್ತಿದ್ದರೆ ಚಾಟ್ ಅಳಿಸಿ.

ಹಾಗಾದರೆ ಯಾರಿಗೆ ಯಾವುದು

ನಾಲ್ಕು ವರ್ಷದ ಮಗು, ರಾತ್ರಿ, 101 ಜ್ವರ, ಆಡುತ್ತಿದೆ, ನೀರು ಕುಡಿಯುತ್ತಿದೆ: 104ಕ್ಕೆ ಮಾಡಿ, ಬೆಳಿಗ್ಗೆ ಕ್ಲಿನಿಕ್. ಅದೇ ಮಗು ಮಂಕಾಗಿ ಬಿದ್ದಿದೆ, ಉಚ್ಚೆ ಹೊಯ್ದು ಅರ್ಧ ದಿನ ಆಗಿದೆ ಅಂದರೆ ಯಾರನ್ನೂ ಕೇಳದೆ ಹೊರಡಿ. ಇಂಗ್ಲಿಷ್ ಓದುವ, ಒಂಟಿಯಾಗಿ ಪಿ.ಜಿ.ಯಲ್ಲಿರುವ ಹುಡುಗ ಹುಡುಗಿಯರಿಗೆ ವಾರದಿಂದ ಕಾಡುವ ಸಣ್ಣಪುಟ್ಟ ತೊಂದರೆಗೆ ಸಿಂಪ್ಟೊಮೇಟ್ ಸಾಕು. ಇಂಗ್ಲಿಷ್ ಬಾರದವರಿಗೆ 104, ಹಗಲಾದರೆ ಇ-ಸಂಜೀವಿನಿ. ಚಾಟ್‌ಬಾಟ್ ಯಾರಿಗಾದರೂ ಆಗಬಹುದು, ಆದರೆ ಡಾಕ್ಟರ ಹತ್ತಿರ ಹೋಗುವ ಮೊದಲು ಹೇಳಬೇಕಾದದ್ದನ್ನು ಜೋಡಿಸಿಕೊಳ್ಳಲು: ಯಾವಾಗ ಶುರು, ಹೇಗೆ ಏರಿತು, ಏನು ನುಂಗಿದೆ, ಮೊದಲು ಯಾವ ಕಾಯಿಲೆ ಇತ್ತು. ಆ ಚೀಟಿ ತೋರಿಸಿದರೆ ಡಾಕ್ಟರ್ ಖುಷಿಯಾಗಿ ಓದುತ್ತಾರೆ. 'ಆ್ಯಪ್ ನನಗೆ ಈ ಕಾಯಿಲೆ ಅಂದಿದೆ' ಅಂತ ಶುರು ಮಾಡಿದರೆ ಅವರ ಮುಖ ನೋಡಿ.

ಮಕ್ಕಳು ನ್ಯೂಜೆರ್ಸಿಯಲ್ಲಿ, ಅಪ್ಪ ಅಮ್ಮ ಧಾರವಾಡದಲ್ಲಿ, ಇಂಥ ಮನೆಗಳು ಈಗ ಎಷ್ಟೋ ಇವೆ. ವಿದೇಶದಿಂದ 104, 108 ಒತ್ತಿದರೆ ಇಲ್ಲಿಗೆ ಬರುವುದಿಲ್ಲ. ಅಲ್ಲಿ ಕೂತು ಚಾಟ್‌ಬಾಟ್ ಕೇಳಿ ವಾಟ್ಸಾಪಿನಲ್ಲಿ ಅಪ್ಪನಿಗೆ ಸಲಹೆ ಕಳಿಸುವ ಬದಲು, ಪಕ್ಕದ ಮನೆಯವರ ನಂಬರ್, ಫ್ಯಾಮಿಲಿ ಡಾಕ್ಟರ ನಂಬರ್, ರಾತ್ರಿ ಇಸಿಜಿ ತೆಗೆಯುವ ಹತ್ತಿರದ ಆಸ್ಪತ್ರೆಯ ಲ್ಯಾಂಡ್‌ಲೈನ್ ಮೂರನ್ನೂ ಫೋನಿನಲ್ಲಿ ಉಳಿಸಿಟ್ಟುಕೊಳ್ಳಿ, ಅಪ್ಪ ನುಂಗುವ ಮಾತ್ರೆಗಳ ಪಟ್ಟಿಯ ಫೋಟೊವನ್ನು ಪಕ್ಕದ ಮನೆಯವರಿಗೂ ಕಳಿಸಿಡಿ.